ಪದವಿ, ಕಸುಬು ಮತ್ತು ಮೈಸೂರು ಸಂಸ್ಥಾನ

ಕಾಲೇಜು ಶಿಕ್ಷಣ ಎಲ್ಲರಿಗೂ ಬೇಕೇ ಎಂಬ ಪ್ರಶ್ನೆ ಹಳೆಯ ಮೈಸೂರು ಸೀಮೆಯಲ್ಲಿ ವಿದ್ಯೆಯ ಪ್ರಶ್ನೆಯಾಗಿ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಸರ್ಕಾರಿ ನೌಕರಿಯ ಪ್ರಶ್ನೆಯಾಗಿ ಹುಟ್ಟಿತು. ಕೂಲಿಮಠಗಳಲ್ಲಿ, ಅಂದರೆ ಮಕ್ಕಳ ಮನೆಯವರು ಕೊಡುವ ದವಸ ಇಲ್ಲವೆ ದುಡ್ಡಿನ ಮೇಲೆ ಅಯ್ಯನವರು ನಡೆಸುತ್ತಿದ್ದ ಊರ ಶಾಲೆಗಳಲ್ಲಿ, ಓದುಬರಹ ಮಗ್ಗಿ ಕಲಿತ ಹುಡುಗ ಮಿಕ್ಕದ್ದನ್ನು ಮನೆತನದ ಕೆಲಸದಲ್ಲೇ ಕಲಿಯುತ್ತಿದ್ದನು; ಗ್ರಾಮಲೆಕ್ಕ ಬರೆಯುವ ಶಾನುಭೋಗನ ಮಗ ತಂದೆಯ ಕಡತಗಳ ಮುಂದೆ ಕುಳಿತರೆ, ಕೂಲಿಮಠದ ಮುಖವನ್ನೇ ಕಾಣದ ಬಡಗಿಯ ಮಗನಿಗೆ ಉಳಿ ಬಾಚಿಗಳೇ ಪಾಠವಾಗಿದ್ದವು.

1857ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ಮರುವರ್ಷ ಬೆಂಗಳೂರಿನಲ್ಲಿ ಆರಂಭವಾದ ಶಾಲೆಯೊಂದು ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದು ಮದ್ರಾಸಿನ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸತೊಡಗಿದಾಗ, ಪದವಿಯು ಕಛೇರಿಯ ಬಾಗಿಲಿಗೆ ಬೀಗದ ಕೈಯಾಯಿತು. ಬಿ.ಎ. ಫೇಲಾದದ್ದನ್ನೂ ಅರ್ಹತೆಯೆಂದು ಬರೆದುಕೊಳ್ಳುವ ರೂಢಿ ಬಂದದ್ದು, ಆ ಬಾಗಿಲ ಮುಂದಿನ ನೂಕುನುಗ್ಗಲಿಗೆ ಸಾಕ್ಷಿ.

ಆದರೆ ಈ ನೂಕುನುಗ್ಗಲನ್ನು ಬರಿಯ ವ್ಯಾಮೋಹವೆಂದು ತಳ್ಳಿಹಾಕುವುದು ಸರಿಯಲ್ಲ. ಕಸುಬು ಜಾತಿಗೆ ಅಂಟಿಕೊಂಡಿದ್ದ ಸಮಾಜದಲ್ಲಿ ಕುಲಕಸುಬನ್ನು ದಾಟಲು ಕಾಲೇಜಿಗಿಂತ ನೇರವಾದ ದಾರಿ ಬೇರೆ ಇರಲಿಲ್ಲ. ಸರ್ಕಾರಿ ಸೇವೆಯಲ್ಲಿ ಬ್ರಾಹ್ಮಣರ ಪ್ರಾಬಲ್ಯವನ್ನು ಪರಿಶೀಲಿಸಲು 1918ರಲ್ಲಿ ನೇಮಕವಾದ, ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವಾದರೂ, ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲಾದರೂ ಇತರ ಸಮುದಾಯಗಳಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು. ಹುದ್ದೆ ಬೇಕಾದರೆ ಪದವಿ ಬೇಕು. ಆದ್ದರಿಂದ ಹಿಂದುಳಿದವರ ಕಿವಿಗೆ ‘ಎಲ್ಲರಿಗೂ ಕಾಲೇಜು ಏಕೆ’ ಎಂಬ ಮಾತು, ಅದರ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ‘ನಿಮಗೇಕೆ ಕಾಲೇಜು’ ಎಂದೇ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಈ ಎರಡು ಒತ್ತಡಗಳ ನಡುವೆ ಸರ್ ಎಂ. ವಿಶ್ವೇಶ್ವರಯ್ಯನವರ ನಿಲುವು ಕುತೂಹಲಕರವಾಗಿದೆ. ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಶ್ರಮಿಸಿದ, ಸೆಂಟ್ರಲ್ ಕಾಲೇಜಿನ ಹಳೆಯ ವಿದ್ಯಾರ್ಥಿಯಾದ ಅವರೇ, 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬ, ಕೈಕೆಲಸ ಹಾಗೂ ತಾಂತ್ರಿಕ ವೃತ್ತಿಗಳನ್ನು ಕಲಿಸುವ ಸಂಸ್ಥೆ ತಲೆಯೆತ್ತಲು ಕಾರಣರಾದರು. ಇಲ್ಲಿ ಕಸುಬನ್ನು ಹುಟ್ಟಿನಿಂದ ಬಿಡಿಸಿ ತರಗತಿಗೆ ತರುವ ಪ್ರಯತ್ನವಿತ್ತು, ಮತ್ತು ಬಹುಶಃ ಅದೇ ಅದರ ನಿಜವಾದ ಹೊಸತನ. ಸಂಸ್ಥೆ ಮುಂದೆ ಪಾಲಿಟೆಕ್ನಿಕ್ ಆಯಿತು. ಆದರೆ ಲೋಕೋಪಯೋಗಿ ಇಲಾಖೆಯಲ್ಲಿ ಡಿಪ್ಲೊಮಾದವರು ಕಿರಿಯ ಎಂಜಿನಿಯರಾಗಿಯೂ ಪದವೀಧರರು ಅವರಿಗಿಂತ ಒಂದು ಮೆಟ್ಟಿಲು ಮೇಲೆ ಸಹಾಯಕ ಎಂಜಿನಿಯರಾಗಿಯೂ ಸೇರುವ ಪದ್ಧತಿ ನೆಲೆಗೊಂಡಿದ್ದರಿಂದ, ಡಿಪ್ಲೊಮಾ ಮುಗಿಸಿದವರೂ ಮತ್ತೆ ಪದವಿಯ ಕಡೆಗೇ ಮುಖ ಮಾಡಿದರು.