ಯಾದವಗಿರಿಯ ಜಾವಾ ಮತ್ತು ದೋಷಶೋಧನೆಯ ವಿದ್ಯೆ

ಮೈಸೂರಿನ ಚರಿತ್ರೆಯನ್ನು ಬರೆಯುವವರು ಅರಮನೆ, ದಸರೆ, ರೇಷ್ಮೆ, ಶ್ರೀಗಂಧಗಳಲ್ಲಿ ತೋರುವ ಶ್ರದ್ಧೆಯನ್ನು ಯಾದವಗಿರಿಯ ಕಾರ್ಖಾನೆಯಿಂದ ಮೂರೂವರೆ ದಶಕಗಳ ಕಾಲ ಹೊರಬಂದ ಮೋಟಾರುಬೈಕುಗಳಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಅವುಗಳನ್ನು ರಿಪೇರಿ ಮಾಡುತ್ತ ಈ ನಗರದ ಮೊಹಲ್ಲಗಳಲ್ಲಿ ಬೆಳೆದ ವಿದ್ಯೆಯಲ್ಲಿಯೂ ತೋರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ರುಸ್ತುಂ ಇರಾನಿ, ಫಾರೋಖ್ ಇರಾನಿಯವರು ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಸಹಯೋಗದಿಂದ ಸ್ಥಾಪಿಸಿದ ಐಡಿಯಲ್ ಜಾವಾ 1961ರಲ್ಲಿ ಉತ್ಪಾದನೆಯನ್ನಾರಂಭಿಸಿತು; 1973ರಿಂದ ಅದೇ ಯಂತ್ರಪರಂಪರೆ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿದು, 1996ರಲ್ಲಿ ಕಾರ್ಖಾನೆ ಮುಚ್ಚಿತು.

ಆ ಬೈಕಿನ ಗೇರು ಒಂದು ವಿಲಕ್ಷಣ ಕೃತಿ. ಎಡಗಾಲಿನ ಕೆಳಗಿನ ಒಂದೇ ಸನ್ನೆಯನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್, ಇಳಿಸಿ ತುಳಿದರೆ ಗೇರ್. ಹೀಗೆ ತುಳಿಯುವಾಗಲೇ ಕ್ಲಚ್ಚು ತಾನಾಗಿ ಬಿಡುವುದರಿಂದ ಕೈಸನ್ನೆಯನ್ನು ಹಿಡಿಯದೆಯೂ ಗೇರ್ ಬದಲಾಯಿಸಬಹುದಿತ್ತು. ಈ ಗೇರ್‌ಬಾಕ್ಸಿನ ಸ್ಥಿತಿಯನ್ನು ಸವಾರನಿಗೆ ತಿಳಿಸಲು ಒಂದು ಪುಟ್ಟ ನ್ಯೂಟ್ರಲ್ ದೀಪವಿತ್ತು. ಗೇರು ನ್ಯೂಟ್ರಲ್ಲಿನಲ್ಲಿ ನಿಂತಾಗ ಒಳಗಿನ ಒಂದು ಕಾಂಟ್ಯಾಕ್ಟು ಆ ದೀಪದ ತಂತಿಯನ್ನು ಇಂಜಿನ್ನಿನ ಮೈಗೆ ಮುಟ್ಟಿಸಿ ಅರ್ತ್ ಕೊಡುತ್ತಿತ್ತು. ಇಷ್ಟು ಸರಳವಾದ ಏರ್ಪಾಡೇ, ಯಂತ್ರ ಹಳೆಯದಾದಂತೆ, ಮೆಕ್ಯಾನಿಕ್ಕನ ವಿವೇಕಕ್ಕೆ ಕಠಿನ ಪರೀಕ್ಷೆಯಾಗುತ್ತಿತ್ತು. ಕಾಂಟ್ಯಾಕ್ಟಿನ ಮೇಲೆ ಕೊಳೆ ಕೂತರೆ ದೀಪ ಒಮ್ಮೆ ಹೊತ್ತಿ ಒಮ್ಮೆ ಆರುತ್ತಿತ್ತು. ತಂತಿಯ ಹೊದಿಕೆ ಉಜ್ಜಿ ಹೋಗಿ ಒಳಗಿನ ತಾಮ್ರ ಮೈಗೆ ತಗುಲಿದರೆ, ಗೇರಿನಲ್ಲಿರುವಾಗಲೂ ದೀಪ ಉರಿದು ಸವಾರನನ್ನು ಅಪಾಯಕ್ಕೆ ಒಡ್ಡುತ್ತಿತ್ತು.

ಸದಾ ಕೆಟ್ಟಿರುವ ಭಾಗವನ್ನು ಯಾರೂ ಹುಡುಕಬಲ್ಲರು; ಆದರೆ ಗ್ಯಾರೇಜಿಗೆ ಬಂದೊಡನೆ ನೆಟ್ಟಗಾಗಿ, ಹತ್ತು ಮೈಲಿ ಹೋದ ಮೇಲೆ ಮರಳಿ ಕಾಡುವ ದೋಷವನ್ನು ಕಣ್ಣಿಗೆ ಕಾಣುವಂತೆ ಮಾಡಬೇಕಾದರೆ, ಅದು ಹುಟ್ಟುವ ಸಂದರ್ಭವನ್ನೇ, ಎಂದರೆ ಬಿಸಿಯನ್ನೋ, ಅದುರಾಟವನ್ನೋ, ತೇವವನ್ನೋ, ಮೊದಲು ನಿರ್ಮಿಸಬೇಕಾಗುತ್ತದೆ. ಹ್ಯಾಂಡಲ್ ಎಡಬಲಕ್ಕೆ ತಿರುಗುವೆಡೆಯಲ್ಲಿ ವೈರಿಂಗನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸುತ್ತ ದೀಪವನ್ನು ನೋಡುವುದು, ಬಲ್ಬಿಗೆ ಎರಡು ತಂತಿ ಬೆಸೆದ ಟೆಸ್ಟ್ ಲ್ಯಾಂಪಿನಿಂದ ಕೀಲಿಯಿಂದ ಕಾಯಿಲ್ಲಿನವರೆಗೆ ಹೆಜ್ಜೆಹೆಜ್ಜೆಯಾಗಿ ವಿದ್ಯುತ್ತಿನ ದಾರಿಯನ್ನು ಅನುಸರಿಸುವುದು, ಬಣ್ಣವೂ ತುಕ್ಕೂ ಕೂತು ಅರ್ತ್ ಕಡಿದಿರಬಹುದಾದ ಬೋಲ್ಟನ್ನು ಬಿಚ್ಚಿ ಎಮರಿ ಕಾಗದದಿಂದ ಉಜ್ಜುವುದು, ಇವೇ ಆ ವಿದ್ಯೆಯ ಪಾಠಗಳು. ಜಾವಾದಂಥ ಆರು ವೋಲ್ಟಿನ ಬೈಕಿನಲ್ಲಿ ಅರೆ ವೋಲ್ಟು ಸೋರಿದರೂ ನಷ್ಟ ದೊಡ್ಡದು. ಹನ್ನೆರಡು ವೋಲ್ಟಿನ ವಾಹನ ಸಹಿಸಿಕೊಳ್ಳುವ ಒಂದು ಹಸಿರುಗಟ್ಟಿದ ಜೋಡಣೆಯನ್ನು ಅದು ಸಹಿಸುವುದಿಲ್ಲ.

ಇಂಜಿನ್ ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯೇರಿದ ಮೇಲೆ ಮಿಸ್ ಹೊಡೆದರೆ, ಅನುಭವಸ್ಥರ ಸಂದೇಹ ಕಂಡೆನ್ಸರಿನ ಮೇಲೆಯೋ, ಶಾಖದಿಂದ ಹಿಗ್ಗಿ ಒಳಗಿನ ತಂತಿ ಕಡಿದುಕೊಳ್ಳುವ ಕಾಯಿಲ್ಲಿನ ಮೇಲೆಯೋ ಮೊದಲು ಹೋಗುತ್ತದೆ. ಆದರೆ ಮುಖ್ಯವಾದ ಶಿಸ್ತೆಂದರೆ, ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಬೈಕನ್ನು ಮತ್ತೆ ಅದೇ ದಾರಿಯಲ್ಲಿ ಓಡಿಸಿ ನೋಡುವುದು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಗಾಡಿ ಸರಿಯಾಗುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. ಕಾರಣ ತಿಳಿಯದೆ ಗಾಡಿಯನ್ನು ಒಪ್ಪಿಸುವುದು ಈ ವೃತ್ತಿಯಲ್ಲಿ ಲೋಪವೆಂದೇ ನಾನು ಎಣಿಸುತ್ತೇನೆ. ಡೈನಮೋ ತುದಿಯಲ್ಲಿ ಕುಳಿತು ಕಿಡಿಯ ಹೊತ್ತನ್ನು ಗೊತ್ತುಮಾಡುವ ಪಾಯಿಂಟಿನ ಅಂತರವನ್ನು ಮೊದಲು ನೋಡದೆ ಕಾರ್ಬುರೇಟರಿಗೆ ಕೈಹಾಕುವ ಆತುರವನ್ನು ಹಳೆಯ ಮೇಸ್ತ್ರಿಗಳು ಶಿಷ್ಯರಲ್ಲಿ ಎಂದೂ ಕ್ಷಮಿಸುತ್ತಿರಲಿಲ್ಲವೆಂದರೆ ನನಗೇನೂ ಆಶ್ಚರ್ಯವಿಲ್ಲ.

ಕೊನೆಯ ವರ್ಷಗಳಲ್ಲಿ ಬಂದ ಕೆಲವು ಮಾದರಿಗಳಲ್ಲಿ ಪಾಯಿಂಟನ್ನು ತೆಗೆದು, ಅದರ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ ಮಾಡುವ ಸಿ.ಡಿ.ಐ. ಪೆಟ್ಟಿಗೆಯನ್ನು ಇರಿಸಲಾಯಿತು. ಸವೆಯುವ ಭಾಗಗಳು ಕಡಿಮೆಯಾದುದು ನಿಜವಾದ ಲಾಭವೇ. ಆದರೆ ಆ ಮುಚ್ಚಿದ ಪೆಟ್ಟಿಗೆಯೊಳಗೆ ನೋಡುವುದಕ್ಕೂ ಉಜ್ಜುವುದಕ್ಕೂ ಏನೂ ಉಳಿಯದ ಕಾರಣ, ದೋಷವನ್ನು ಶೋಧಿಸುತ್ತಿದ್ದ ಕೈ ಪೆಟ್ಟಿಗೆಯನ್ನೇ ಬದಲಿಸಲು ಕಲಿತುಕೊಂಡಿತು. ಕಾರ್ಖಾನೆ ಮುಚ್ಚಿದ ಮೇಲೆ, ಅಲ್ಲಿಯೇ ಕೆಲಸ ಕಲಿತವರಲ್ಲಿ ಕೆಲವರು ನಗರದಲ್ಲಿ ತಮ್ಮದೇ ಗ್ಯಾರೇಜುಗಳನ್ನಿಟ್ಟು ಹಳೆಯ ಜಾವಾ, ಯೆಜ್ಡಿಗಳನ್ನು ನೋಡಿಕೊಂಡರು. ಅವರು ಬಲ್ಲ ಈ ದೋಷಶೋಧನೆಯ ಕ್ರಮ ಇಂದಿಗೂ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಸಾಗುತ್ತಿದೆ. ಒಬ್ಬೊಬ್ಬ ಮೇಸ್ತ್ರಿಯ ಬಳಿಯೂ ಕುಳಿತು ಅದನ್ನು ಬರೆದುಕೊಳ್ಳುವ ಕೆಲಸವನ್ನು ವಿಶ್ವವಿದ್ಯಾನಿಲಯವಿರುವ ಈ ನಗರದವರೇ ಕೈಗೊಳ್ಳಬೇಕು.