ಲೂವ್ರ್ ಸಂಗ್ರಹಾಲಯದ ಬೆಳಕು

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯವು ಮೊದಲು ಫ್ರಾನ್ಸಿನ ಅರಸರ ಅರಮನೆಯಾಗಿದ್ದಿತು. ಅದರ ಅಂಗಳದಲ್ಲಿ ವಾಸ್ತುಶಿಲ್ಪಿ ಐ.ಎಂ. ಪೇಯ್ ರೂಪಿಸಿದ ಗಾಜಿನ ಪಿರಮಿಡ್ಡು 1989ರಲ್ಲಿ ತೆರೆಯಿತು. ಇರುಳಿನಲ್ಲಿ ಇವೆರಡನ್ನೂ ಒಂದೇ ಬಗೆಯಾಗಿ ಬೆಳಗಲಾಗದು. ಕಲ್ಲಿನ ಗೋಡೆಗೆ ಬುಡದಿಂದ ಓರೆಯಾಗಿ ಬೆಳಕು ಹಾಯಿಸಿದರೆ ಕೆತ್ತನೆಯ ಉಬ್ಬುತಗ್ಗುಗಳು ನೆರಳಿನಿಂದ ಎದ್ದು ಕಾಣುತ್ತವೆ. ಗಾಜಾದರೋ ಹೊರಗಿನ ಬೆಳಕನ್ನು ಬಹುಪಾಲು ದಾಟಿಸಿಬಿಡುವುದರಿಂದ ಅದನ್ನು ಒಳಗಿನಿಂದಲೇ ಬೆಳಗಬೇಕು. ಅದು ಅತಿಯಾಗಿ ಹೊಳೆದರೆ ಅರಮನೆಯೇ ಮರೆಯಾದೀತು. ಮಂದಪ್ರಕಾಶವೇ ಲೇಸೆಂಬುದು ನಮ್ಮ ಅಭಿಪ್ರಾಯ. 2011ರಲ್ಲಿ ಪಿರಮಿಡ್ಡಿಗೆ ಎಲ್‌ಇಡಿ ದೀಪಗಳು ಬಂದವು.

ಹಗಲಿನಲ್ಲಿ ಈ ಗಾಜಿನಡಿಯ ಉಜ್ವಲ ಪ್ರಾಂಗಣದಿಂದ ಕಾಗದದ ಚಿತ್ರಗಳಿರುವ ಕೋಣೆಗೆ ಹೋದವರಿಗೆ ಅಲ್ಲಿ ಕತ್ತಲೆನಿಸುತ್ತದೆ. ಅದು ಜಿಪುಣತನವಲ್ಲ. ಕಾಗದ, ಬಟ್ಟೆಗಳಿಗೆ ಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್ ಮಿತಿಯಿಡುತ್ತವೆ. ಬೆಳಕಿಗೆ ಮಾಸಿದ ಬಣ್ಣ ಮರಳದು. ಕಣ್ಣು ಹೊಂದಿಕೊಳ್ಳಲೆಂದು ನಡುವಣ ಹಾದಿಯಲ್ಲಿ ಬೆಳಕನ್ನು ಹಂತಹಂತವಾಗಿ ತಗ್ಗಿಸುವುದೂ ಈ ವಿದ್ಯೆಯ ಒಂದು ಅಂಗ.