ಹೊಳೆ ದಾಟುವ ನಿರ್ಧಾರ: ಹಟ್ಟಿಕೇರಿ ಪರಿಸರದ ಪರದೇಶ ವಲಸೆಯ ಹಿನ್ನೆಲೆ

ವಲಸೆಯ ಚರಿತ್ರೆಯನ್ನು ಹೋದವರ ಸಂಖ್ಯೆಯಿಂದಲೂ ಅವರು ಊರಿಗೆ ಕಳಿಸಿದ ಹಣದಿಂದಲೂ ಅಳೆಯುವುದು ರೂಢಿಯಾಗಿದೆ. ಹೋಗಬೇಕೋ ಬೇಡವೋ ಎಂದು ಮನೆಯೊಂದು ತೂಗಿ ನೋಡಿದ ಗಳಿಗೆ ಮಾತ್ರ ಹಡಗಿನ ದಾಖಲೆಗಳಲ್ಲಾಗಲಿ ಪಾಸ್‌ಪೋರ್ಟ್ ಕಚೇರಿಯ ಕಡತಗಳಲ್ಲಾಗಲಿ ನಮೂದಾಗುವುದಿಲ್ಲ. ಆ ಗಳಿಗೆಯ ಕುರುಹುಗಳು ಉಳಿದಿರುವುದು ಹಿಡುವಳಿಯ ಸ್ವರೂಪ, ಹಬ್ಬಗಳ ಪಂಚಾಂಗ, ದೇವರ ಮುಂದಿನ ಕೇಳಿಕೆ ಮತ್ತು ಗಾದೆಗಳಲ್ಲಿ. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಹಟ್ಟಿಕೇರಿ ಮತ್ತು ಅದರ ಆಸುಪಾಸಿನ ಕಾರವಾರ–ಅಂಕೋಲಾ ಕರಾವಳಿಯನ್ನು ಆಧಾರವಾಗಿರಿಸಿಕೊಂಡು ಈ ನಿರ್ಧಾರದ ಚಾರಿತ್ರಿಕ ಹಿನ್ನೆಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲೆ ಮತ್ತು ಹೆಸರು

ಹಟ್ಟಿ, ಕೇರಿ ಎಂಬ ಎರಡು ಪದಗಳೂ ನೆಲೆನಿಂತ ಬದುಕನ್ನು ಸೂಚಿಸುತ್ತವೆ. ಬೇಲೇಕೇರಿ, ಭಾವಿಕೇರಿ, ಹಟ್ಟಿಕೇರಿ ಎಂಬ ನೆರೆಯ ಹೆಸರುಗಳಲ್ಲಿ ಕಾಣುವ ‘ಕೇರಿ’ ಒಂದೇ ಮನೆಯ ಹೆಸರಲ್ಲ. ಒತ್ತೊತ್ತಾಗಿ ಬಾಳುವ ಮನೆಗಳ ಸಾಲಿನ ಹೆಸರು. ಪೂರ್ವಕ್ಕೆ ಘಟ್ಟದ ಕಾಡು, ಪಶ್ಚಿಮಕ್ಕೆ ಸಮುದ್ರ, ನಡುವೆ ಕಿರಿದಾದ ಗದ್ದೆಯ ಪಟ್ಟಿ. ಉಪ್ಪುನೀರು ಏರುವ ಗಜನಿ ಭೂಮಿಯಲ್ಲಿ ಮಳೆಗಾಲದ ಒಂದೇ ಬೆಳೆ. ಹಾಲಕ್ಕಿ ಒಕ್ಕಲಿಗರು, ಕೋಮಾರಪಂತರು, ನಾಡವರು, ನಾಮಧಾರಿಗಳು, ಹರಿಕಂತ್ರ ಮತ್ತು ಖಾರ್ವಿ ಮೀನುಗಾರರು ಈ ಪಟ್ಟಿಯನ್ನು ಹಂಚಿಕೊಂಡು ಬದುಕಿದವರು. ಅಣ್ಣತಮ್ಮಂದಿರು ನಾಲ್ವರಾದರೆ ಗದ್ದೆ ನಾಲ್ಕಾಗುತ್ತದೆ, ಬೆಳೆ ನಾಲ್ಕಾಗುವುದಿಲ್ಲ. ವಲಸೆಯ ಪ್ರಶ್ನೆ ಮೊದಲು ಹುಟ್ಟುವುದು ಈ ಲೆಕ್ಕದಲ್ಲಿ.

ಕಣ್ಣಿಗೆ ಕಾಣುವ ಪರದೇಶ

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರವರೆಗೆ, ಸುಮಾರು ಒಂದು ಶತಮಾನ ಕಾಲ, ಈ ಜಿಲ್ಲೆಯ ರಾಜಧಾನಿ ಮುಂಬಯಿ. ಹೀಗಾಗಿ ಇಲ್ಲಿಯವರು ಹಡಗು ಹತ್ತಿ ಮುಂಬಯಿಗೆ ಹೋಗುವುದು ಪರದೇಶ ಪ್ರಯಾಣವೆನಿಸಲಿಲ್ಲ. ಅದಕ್ಕಿಂತ ಬಹಳ ಹತ್ತಿರವಿದ್ದ ಗೋವೆ ಮಾತ್ರ ಕಾನೂನಿನ ದೃಷ್ಟಿಯಿಂದ ಪರದೇಶವಾಗಿತ್ತು. ಬಿಣಗಾ ಕರಾವಳಿಯ ಎದುರಿನ ಅಂಜುದೀವ ನಡುಗಡ್ಡೆಯೂ ಪೋರ್ಚುಗೀಸರದೇ. ದಂಡೆಯಲ್ಲಿ ನಿಂತರೆ ಬರಿಗಣ್ಣಿಗೆ ಪರರಾಜ್ಯ ಕಾಣುತ್ತಿತ್ತು. 1954–55ರ ಆರ್ಥಿಕ ದಿಗ್ಬಂಧನ ಕಾಲದಲ್ಲಿ ಗೋವೆಯ ಗಡಿ ಮುಚ್ಚಿದಾಗ, ಅದುವರೆಗೆ ಹೊಳೆ ದಾಟುವಷ್ಟೇ ಸಹಜವಾಗಿದ್ದ ಓಡಾಟ ರಾಜತಾಂತ್ರಿಕ ಸಂಗತಿಯಾಯಿತು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡಿತು. ಪರದೇಶವೆಂಬುದು ದೂರದಿಂದಲ್ಲ, ಆಳುವವರ ಗೆರೆಯಿಂದ ನಿಶ್ಚಯವಾಗುತ್ತದೆ ಎಂಬುದನ್ನು ಈ ಕರಾವಳಿ ಅನುಭವದಿಂದ ಬಲ್ಲದು.

ಮುಂಬಯಿಯಿಂದಾಚೆಗೆ ಹೋದವರಲ್ಲಿ ಹಡಗಿನ ಕೆಲಸಗಾರರದು ಪ್ರತ್ಯೇಕ ವರ್ಗ. ಅವರ ಸ್ಥಿತಿಯನ್ನು ಅಧ್ಯಯನಕ್ಕೆ ಒಳಪಡಿಸಿದವರಲ್ಲಿ ಅಂಕೋಲಾ ತಾಲ್ಲೂಕಿನವರೇ ಆದ ದಿನಕರ ದೇಸಾಯಿ (1909–1982) ಪ್ರಮುಖರು. ಮುಂಬಯಿಯ ಭಾರತ ಸೇವಕ ಸಮಾಜದಲ್ಲಿದ್ದುಕೊಂಡು ಅವರು ನಾವಿಕ ಕಾರ್ಮಿಕರ ಸಂಘಟನೆಯಲ್ಲಿ ತೊಡಗಿದರು. ಭಾರತದ ಕಡಲ ಕಾರ್ಮಿಕರನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೂ ಬರೆದರು. ಅದೇ ದೇಸಾಯಿಯವರು ಊರಿನ ಗೇಣಿದಾರರ ಹೋರಾಟವನ್ನು ಮುನ್ನಡೆಸಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಗಳನ್ನು ಕಟ್ಟಿದರು. ಅವರನ್ನು ಚುಟುಕು ಕವಿಯೆಂದೇ ಬಲ್ಲವರು ಹೆಚ್ಚು. ಆದರೆ ಹಡಗು, ಗೇಣಿ, ಶಾಲೆ ಎಂಬ ಈ ಮೂರು ಕಾರ್ಯಕ್ಷೇತ್ರಗಳು ಬಿಡಿಬಿಡಿಯಾದವಲ್ಲ. ಊರು ಬಿಡುವ ನಿರ್ಧಾರವನ್ನು ರೂಪಿಸಿದ ಮೂರು ಶಕ್ತಿಗಳೂ ಇವೇ.

ನಿರ್ಧರಿಸುವವರು ಯಾರು?

ಆಧುನಿಕ ಬರಹಗಳಲ್ಲಿ ವಲಸೆಗಾರನು ತನ್ನ ಭವಿಷ್ಯವನ್ನು ತಾನೇ ಆಯ್ದುಕೊಳ್ಳುವ ಒಂಟಿ ವ್ಯಕ್ತಿ. ಜನಪದರ ಕಲ್ಪನೆಯಲ್ಲಿ ಹಾಗಲ್ಲ. ಅಲ್ಲಿ ಹೋಗುವವನು ಮನೆಯ ಒಂದು ಕೈ. ಉಳಿದವರು ಉಳಿಯುವುದಕ್ಕಾಗಿ ಒಬ್ಬನು ಹೋಗುತ್ತಾನೆ. ಆದ್ದರಿಂದ ‘ಯಾರು ಹೋಗಬೇಕು’ ಎಂಬ ಪ್ರಶ್ನೆಯಷ್ಟೇ ‘ಯಾರು ಉಳಿಯಬೇಕು’ ಎಂಬ ಪ್ರಶ್ನೆಯೂ ಮುಖ್ಯ. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನೂ ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನೂ ಒಂದೇ ಜಗಲಿಯಲ್ಲಿ ಆಡಬಹುದು. ಗಾದೆ ತೀರ್ಪು ಕೊಡುವುದಿಲ್ಲ, ವಾದಕ್ಕೆ ಮಾತು ಒದಗಿಸುತ್ತದೆ. ಮಾತು ಮುಗಿಯದಿದ್ದಾಗ ದೇವರ ಮುಂದೆ ಹೂವಿನ ಪ್ರಸಾದ ಕೇಳುವ ರೂಢಿ ಕರಾವಳಿಯಲ್ಲಿದೆ. ಮೂರ್ತಿಗೆ ಹಚ್ಚಿದ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ. ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ ಅದರ ಸಾಮಾಜಿಕ ಕಾರ್ಯವನ್ನು ಗಮನಿಸಬೇಕು: ಹೋದವನಿಗೆ ಕೇಡಾದರೆ ಕಳಿಸಿದವರ ಮೇಲೆ, ಹೋಗದೆ ಬಡತನ ಬಂದರೆ ತಡೆದವರ ಮೇಲೆ ಹೊರೆ ಬೀಳದಂತೆ ಅದು ಮನೆಯನ್ನು ಕಾಯುತ್ತದೆ.

ಹೋದವನು ಮರಳಬೇಕಾದ ದಿನಗಳೂ ಗೊತ್ತಾಗಿವೆ. ಹೋಳಿಯ ಹೊತ್ತಿನ ಸುಗ್ಗಿ ಕುಣಿತ, ಅಂಕೋಲೆಯ ಬಂಡಿಹಬ್ಬ, ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ನೂಲಹುಣ್ಣಿಮೆ ಇವು ಹಬ್ಬಗಳಷ್ಟೇ ಅಲ್ಲ, ಊರಿನ ಹಾಜರಿ ಪುಸ್ತಕಗಳು. ಊರಗೌಡ, ಬುದವಂತ, ಕೋಲಕಾರ ಎಂಬ ಹಾಲಕ್ಕಿ ಸಮಾಜದ ವ್ಯವಸ್ಥೆಯಲ್ಲಿ ಸುಗ್ಗಿಯ ತಂಡ ಕಟ್ಟುವುದು ಊರಿನ ಹೊಣೆ. ತಂಡದಲ್ಲಿ ತೆರವಾದ ಜಾಗ ಎಲ್ಲರ ಕಣ್ಣಿಗೂ ಕಾಣುತ್ತದೆ.

ಈ ನಿರ್ಧಾರದಲ್ಲಿ ಹೆಣ್ಣಿನ ಸ್ಥಾನವನ್ನು ಬೇರೆಯಾಗಿಯೇ ನೋಡಬೇಕು. ಮಗಳ ಪಾಲಿಗೆ ಊರು ಬಿಡುವುದು ಆಯ್ಕೆಯಲ್ಲ, ಮದುವೆಯೊಡನೆ ಬರುವ ವಿಧಿ. ಹೆಣ್ಣು ಒಪ್ಪಿಸುವ ಹಾಡುಗಳಿಗೆ ಜನಪದ ಪರಂಪರೆಯಲ್ಲಿ ದೊಡ್ಡ ಸ್ಥಾನವಿದೆ. ಪರದೇಶಕ್ಕೆ ಹೋದವನ ಹೆಂಡತಿಯಾದರೋ ಹೋಗದೆಯೇ ವಲಸೆಯ ಬೆಲೆ ತೆತ್ತವಳು. ಗದ್ದೆ, ದನ, ಅತ್ತೆಮಾವಂದಿರ ಆರೈಕೆ ಅವಳ ಪಾಲಿಗೆ ಬಂದವು. ತರಕಾರಿ ಬೆಳೆದು ಪೇಟೆಗೆ ಹೊತ್ತು ಮಾರುವ ಹಾಲಕ್ಕಿ ಹೆಂಗಸರ ದುಡಿಮೆಯನ್ನು ಕಂಡವರಿಗೆ, ಗಂಡಸಿನ ಗೈರುಹಾಜರಿಯನ್ನು ಈ ಸಮಾಜಗಳು ಯಾರ ಹೆಗಲ ಮೇಲೆ ಸಹಿಸಿಕೊಂಡವು ಎಂದು ವಿವರಿಸಬೇಕಾಗಿಲ್ಲ.

ಭೂಸುಧಾರಣೆ ಮತ್ತು ಕೊಲ್ಲಿ

1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಮೆಯ ಅವಕಾಶಗಳು ತೆರೆದವು. 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂತು. ಗೇಣಿದಾರರೇ ಹೆಚ್ಚಾಗಿದ್ದ ಈ ಭಾಗದಲ್ಲಿ ಎರಡು ಘಟನೆಗಳನ್ನು ಜೊತೆಯಾಗಿ ಓದಬೇಕು. ಗೇಣಿದಾರನು ಸಾಗುವಳಿ ಬಿಟ್ಟು ಹೋದರೆ ಹಕ್ಕು ಸಡಿಲವಾಗುವ ಭಯವಿತ್ತು. ಒಡೆತನ ಬಂದ ಮೇಲೆ ಮಗನೊಬ್ಬ ದೂರ ಹೋದರೂ ನೆಲ ಕೈತಪ್ಪುವುದಿಲ್ಲವೆಂಬ ಧೈರ್ಯ ಹುಟ್ಟಿತು. ಹಾಗೆ ದೊರೆತ ಭೂಮಿಯನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿರಲಿಲ್ಲ. ಆದಕಾರಣ ಪ್ರಯಾಣದ ಖರ್ಚಿಗೆ ನೆಲ ಮಾರುವ ದಾರಿಯಿಲ್ಲದೆ ಒಡವೆ ಮತ್ತು ಸಾಲವೇ ಆಧಾರವಾಗಬೇಕಾಯಿತು. ನೆಲ ಉಳಿಯಿತು, ಬಂಗಾರ ಹೋಯಿತು. ಇಲ್ಲಿಯೂ ಒತ್ತೆಯಾದದ್ದು ಬಹುಮಟ್ಟಿಗೆ ಹೆಣ್ಣಿನ ಸೊತ್ತು.

1983ರ ವಲಸೆ ಕಾಯಿದೆ ನೇಮಕಾತಿ ಏಜೆಂಟರ ನೋಂದಣಿಯನ್ನೂ ನಿಗದಿತ ದೇಶಗಳಿಗೆ ದುಡಿಮೆಗೆ ಹೋಗುವವರ ತಪಾಸಣೆಯನ್ನೂ ಕಡ್ಡಾಯಗೊಳಿಸಿತು. ಮುಂದೆ ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ತಪಾಸಣೆಯಿಂದ ವಿನಾಯಿತಿ ದೊರೆಯಿತು. ಶಾಲೆಯ ಪ್ರಮಾಣಪತ್ರ ಪಾಸ್‌ಪೋರ್ಟಿನ ಬಗೆಯನ್ನೇ ನಿರ್ಧರಿಸಿದ್ದನ್ನು ನೋಡಿದರೆ ದೇಸಾಯಿಯವರ ಶಾಲೆಗಳ ಮಹತ್ವ ಇನ್ನೊಂದು ರೀತಿಯಲ್ಲಿ ಅರಿವಾಗುತ್ತದೆ. ಇದೇ ಜಿಲ್ಲೆಯ ಭಟ್ಕಳದಲ್ಲಿ ನವಾಯತ ಸಮಾಜವು ಕೊಲ್ಲಿಯ ನಂಟನ್ನು ಜಮಾತು ಮತ್ತು ವಿದ್ಯಾಸಂಸ್ಥೆಗಳ ಮೂಲಕ ಸಂಘಟಿತವಾಗಿ ಬೆಳೆಸಿತು. ಅಂಥ ಬಲವಾದ ಜಾಲವಿಲ್ಲದ ಕಡೆ ಏಜೆಂಟನ ಮಾತೇ ಪ್ರಮಾಣವಾಗುವ ಅಪಾಯ ಹೆಚ್ಚು.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಲಾಯಿತು. 2020ರ ಕೋವಿಡ್ ಕಾಲದಲ್ಲಿ ಮತ್ತೊಮ್ಮೆ ಮರುವಲಸೆ ನಡೆಯಿತು. ಎರಡೂ ಸಂದರ್ಭಗಳಲ್ಲಿ ಬರಿಗೈಯಲ್ಲಿ ಬಂದವರನ್ನು ಉಳಿಸಿದ್ದು ವಿಮಾನವಷ್ಟೇ ಅಲ್ಲ; ಮರಳಲು ಒಂದು ಮನೆ ಇತ್ತೆಂಬ ಸಂಗತಿ.

ಮರಳುವ ನೆಲೆಯೇ ಕದಲಿದಾಗ

ಈ ಹಿನ್ನೆಲೆಯಲ್ಲಿ ಸೀಬರ್ಡ್ ನೌಕಾನೆಲೆಯ ಸ್ಥಳಾಂತರವನ್ನು ನೋಡಬೇಕು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರ–ಅಂಕೋಲಾ ತಾಲ್ಲೂಕುಗಳ ಕರಾವಳಿ ಗ್ರಾಮಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ತೋಡೂರು, ಮುದಗಾ ಹಾಗೂ ಹಟ್ಟಿಕೇರಿಗೆ ಸಮೀಪದ ಹಾರವಾಡಗಳಲ್ಲಿ ಪುನರ್ವಸತಿ ಕಾಲನಿಗಳು ಎದ್ದವು. ಒಂದು ಕಾಲದಲ್ಲಿ ಪರದೇಶವಾಗಿ ಕಂಡ ಅಂಜುದೀವ ಈಗ ನೌಕಾನೆಲೆಯ ಭಾಗ.

ಇಲ್ಲಿ ಆದದ್ದು ನಿರ್ಧಾರದ ಸ್ವರೂಪದಲ್ಲೇ ಪಲ್ಲಟ. ಹಿಂದೆ ಮನೆ ನಿಂತಲ್ಲೇ ನಿಂತು ಮಗನನ್ನು ಕಳಿಸುತ್ತಿತ್ತು. ಈಗ ಯಾರೂ ಕೇಳದೆ ಮನೆಯೇ ಕದಲಿತು. ಗದ್ದೆ, ದೇವರ ಬನ, ದೋಣಿ ಎಳೆಯುವ ದಂಡೆ ಇವು ಪರಿಹಾರದ ಮೊತ್ತವಾಗಿ ಮಾರ್ಪಟ್ಟವು. ಆ ಮೊತ್ತದ ನ್ಯಾಯಯುತತೆಗಾಗಿ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಕಾಲನಿಯ ನಿವೇಶನದಲ್ಲಿ ಬೆಳೆದ ತರುಣನಿಗೆ ಪರದೇಶವು ಮನೆಯನ್ನು ಉಳಿಸುವ ಉಪಾಯವಲ್ಲ, ಕಳೆದುಕೊಂಡ ನೆಲೆಗೆ ಬದಲಿ. ಹೋಗುವ ನಿರ್ಧಾರ ಅವನಿಗೆ ಹಿಂದಿನವರಿಗಿಂತ ಸುಲಭವೆಂದು ತೋರಬಹುದು. ಆದರೆ ಹಿಡಿದಿಟ್ಟುಕೊಳ್ಳುವ ನೆಲವಿಲ್ಲದ್ದರಿಂದ ಬಂದ ಆ ಸುಲಭತೆಯನ್ನು ಸ್ವಾತಂತ್ರ್ಯವೆಂದು ಕರೆಯುವುದು ಸರಿಯಾಗದು.

ಉಪಸಂಹಾರ

ಒಟ್ಟಿನಲ್ಲಿ ಹಟ್ಟಿಕೇರಿ ಪರಿಸರದ ಚರಿತ್ರೆ ತೋರಿಸುವುದಿಷ್ಟು: ಪರದೇಶಕ್ಕೆ ಹೋಗುವ ನಿರ್ಧಾರವನ್ನು ಗಟ್ಟಿಗೊಳಿಸಿದ್ದು ಪರದೇಶದ ಆಕರ್ಷಣೆಗಿಂತ ಊರಿನ ನೆಲೆಯ ಭದ್ರತೆ. ನೆಲೆ ಭದ್ರವಾಗಿದ್ದಾಗ ವಲಸೆ ಒಂದು ಪ್ರಯಾಣ. ನೆಲೆ ತಪ್ಪಿದಾಗ ಅದು ಎರಡನೆಯ ಸ್ಥಳಾಂತರ. ಆದುದರಿಂದ ಕರಾವಳಿಯ ವಲಸೆಯನ್ನು ಅಭ್ಯಸಿಸುವವರು ಪಾಸ್‌ಪೋರ್ಟುಗಳ ಜೊತೆಗೆ ಪಹಣಿಗಳನ್ನೂ, ಹೋದವರ ಪತ್ರಗಳ ಜೊತೆಗೆ ಉಳಿದ ಹೆಂಗಸರ ನೆನಪುಗಳನ್ನೂ, ಕಾಲನಿಗಳ ಜೊತೆಗೆ ಅವುಗಳ ಹಿಂದಿನ ಊರುಗಳ ಸುಗ್ಗಿ ತಂಡಗಳನ್ನೂ ದಾಖಲಿಸಬೇಕಾಗಿದೆ. ಹಳೆಯ ಗ್ರಾಮಗಳಲ್ಲಿ ಹುಟ್ಟಿ ಬೆಳೆದ ತಲೆಮಾರು ವೃದ್ಧಾಪ್ಯದಲ್ಲಿದೆ. ಆ ಕೇರಿಗಳಲ್ಲಿ ಯಾವ ಮನೆಯ ಪಕ್ಕ ಯಾವ ಮನೆಯಿತ್ತೆಂದು ಹೇಳಬಲ್ಲವರು ಅವರೇ.